ಹುಟ್ಟುವಾಗಲೇ ಗೀಟು ಬಿದ್ದ ಬೆಲೆ

ನಿನ್ನೆ ನಾದಿನಿ ಜೊತೆ ಔಟ್‌ಲೆಟ್ ಮಾಲಿಗೆ ಹೋಗಿದ್ದೆ, ಬ್ರ್ಯಾಂಡ್ ಬಟ್ಟೆ ಕಡಿಮೆಗೆ ಸಿಗುತ್ತೆ ಅನ್ನುವ ಜಾಗ. ಹೋಗಬಾರದಿತ್ತು.

ನನ್ನ ಕಥೆ ನಿಮಗೆಲ್ಲ ಗೊತ್ತೇ ಇದೆ. 11 ವರ್ಷ ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಟೇಬಲ್ ಮುಂದೆ ನಿಂತವಳು. ಶರ್ಟ್ ಕೈಗೆ ಸಿಕ್ಕರೆ ಮೊದಲು ಒಳಮಗ್ಗಲು ತಿರುಗಿಸುತ್ತೇನೆ. ಎದುರಿಗೆ ಕೂತವರು ಕಷ್ಟ ಹೇಳಿಕೊಳ್ಳುತ್ತಿದ್ದರೂ ನನ್ನ ಕಣ್ಣು ಅವರ ಕಾಲರಿನ ಎರಡು ತುದಿ ಸಮ ಇದೆಯಾ ಅಂತ ನೋಡುತ್ತಿರುತ್ತದೆ. ಈ ರೋಗಕ್ಕೆ ಮದ್ದಿಲ್ಲ.

ನಾದಿನಿ ಒಂದು ನೀಲಿ ಶರ್ಟ್ ಹಿಡಿದುಕೊಂಡು ಓಡಿ ಬಂದಳು. ಟ್ಯಾಗಿನಲ್ಲಿ ಮೇಲೆ ಒಂದು ಬೆಲೆ, ಅದರ ಮೇಲೆ ಕೆಂಪು ಗೀಟು. ಕೆಳಗೆ ದಪ್ಪ ಅಂಕಿಯಲ್ಲಿ ಅದರ ಅರ್ಧಕ್ಕೂ ಕಡಿಮೆ ಬೆಲೆ. ಅವಳ ಮುಖ ನೋಡಬೇಕಿತ್ತು, ಲಾಟರಿ ಹೊಡೆದ ಹಾಗೆ. ನಾನು ಶರ್ಟ್ ತಿರುಗಿಸಿದೆ. ಪಕ್ಕದ ಹೊಲಿಗೆ ಬರೀ ಓವರ್‌ಲಾಕ್, ಅಂದರೆ ಅಂಚಿಗೆ ದಾರ ಸುತ್ತಿದ್ದಷ್ಟೇ. ಒಳ್ಳೆ ಶರ್ಟಾದರೆ ಬಟ್ಟೆಯ ಅಂಚು ಒಳಗೆ ಮಡಚಿ ಹೊಲಿದಿರುತ್ತಾರೆ, ಎಳೆ ಕಾಣುವುದೇ ಇಲ್ಲ. ಇಂಚಿಗೆ ಎಷ್ಟು ಹೊಲಿಗೆ ಅಂತ ಉಗುರಿಟ್ಟು ಎಣಿಸಿದೆ. 9. ನಮ್ಮ ಟೇಬಲಿನಲ್ಲಿ 14ಕ್ಕಿಂತ ಕಡಿಮೆ ಬಂದರೆ ಪೀಸ್ ವಾಪಸ್ ಲೈನಿಗೆ ಹೋಗುತ್ತಿತ್ತು. ಎರಡನೇ ಗುಂಡಿ ಆಗಲೇ ತೂಗಾಡುತ್ತಿತ್ತು. ಒಳಗೆ ಹೊಲಿದಿಡುವ ಎಕ್ಸ್‌ಟ್ರಾ ಗುಂಡಿ ಇರಲೇ ಇಲ್ಲ.

"ಅತ್ತಿಗೆ, ಶರ್ಟ್ ತಗೊಳ್ಳೋಕೆ ಬಂದಿದ್ದೀರೋ, ಪೋಸ್ಟ್‌ಮಾರ್ಟಮ್ ಮಾಡೋಕೆ ಬಂದಿದ್ದೀರೋ?"

ಅಷ್ಟರಲ್ಲಿ ಅಂಗಡಿ ಹುಡುಗ ಬಂದ. "ಮೇಡಂ, ಇದು ಶೋರೂಮ್ ಪೀಸೇ. ಸೀಸನ್ ಮುಗೀತು ಅಂತ ಇಲ್ಲಿಗೆ ಬಂದಿದೆ ಅಷ್ಟೇ."

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಹೇಳಿಕೊಟ್ಟಿದ್ದನ್ನು ಹೇಳುತ್ತಾನೆ. ನನ್ನ ಸಿಟ್ಟೆಲ್ಲ ಆ ಗೀಟಿನ ಮೇಲೆ. ಗೀಟು ಹಾಕಿದ ಬೆಲೆ ಅಂದರೆ ಏನರ್ಥ? ಒಂದು ಕಾಲದಲ್ಲಿ ಈ ಶರ್ಟ್ ಆ ಬೆಲೆಗೆ ಮಾರಾಟಕ್ಕಿತ್ತು, ಯಾರೋ ಕೊಂಡೂ ಇದ್ದರು ಅಂತ ತಾನೆ? ಈ ಶರ್ಟ್ ಯಾವ ಶೋರೂಮಿನ ಮುಖವನ್ನೂ ನೋಡಿಲ್ಲ. ಹುಟ್ಟಿದ್ದೇ ಔಟ್‌ಲೆಟ್‌ಗೆ.

ಹೇಗೆ ಗೊತ್ತು ಅಂತೀರಾ? ಹೇಳಿಬಿಡುತ್ತೇನೆ, ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಕೆಲಸ ಬಿಡುವ ಮುಂಚಿನ ವರ್ಷ ನನ್ನನ್ನು ಪ್ಯಾಕಿಂಗ್ ಸೆಕ್ಷನ್‌ಗೆ ಹಾಕಿದ್ದರು. ಒಂದು ಆರ್ಡರ್ ಬಂತು. ಬಟ್ಟೆ ತೆಳು, ಹೊಲಿಗೆ ಕಡಿಮೆ, ಜೇಬು ಒಂದೇ. ಟ್ಯಾಗುಗಳು ಡಬ್ಬಿಗಟ್ಟಲೆ ಪ್ರಿಂಟಾಗಿಯೇ ಬಂದಿದ್ದವು. ದೊಡ್ಡ ಬೆಲೆ, ಅದರ ಮೇಲೆ ಗೀಟು, ಕೆಳಗೆ ಸಣ್ಣ ಬೆಲೆ. ಮೂರೂ ಒಂದೇ ಪ್ರಿಂಟಿನಲ್ಲಿ! ಶರ್ಟಿನ್ನೂ ಇಸ್ತ್ರಿಯ ಬಿಸಿ ಆರಿರಲಿಲ್ಲ, ಆಗಲೇ ಅದಕ್ಕೆ 60 ಪರ್ಸೆಂಟ್ ರಿಯಾಯಿತಿ. ಟ್ಯಾಗ್ ಗನ್ ಹಿಡಿದು ಟಕ್ ಟಕ್ ಅಂತ ಹೊಡೆದವಳು ನಾನೇ. ಎಷ್ಟು ಸಾವಿರ ಅಂತ ಲೆಕ್ಕ ಇಟ್ಟಿಲ್ಲ. ಪಕ್ಕದಲ್ಲಿ ನಿಂತವಳು "ಅಕ್ಕಾ, ಇದು ಯಾವಾಗ ಅಷ್ಟು ಬೆಲೆಗೆ ಮಾರಾಟ ಆಯ್ತು?" ಅಂತ ಕೇಳಿದ್ದಳು. ಸುಮ್ನೆ ಕೆಲಸ ಮಾಡು ಅಂದಿದ್ದೆ.

ಮೊದಲು ಹೀಗಿರಲಿಲ್ಲ. ಔಟ್‌ಲೆಟ್ ಅನ್ನುವ ಮಾತಿಗೆ ಒಂದು ಮರ್ಯಾದೆ ಇತ್ತು. 1930ರ ದಶಕದಲ್ಲಿ ಅಮೆರಿಕದ ಪೂರ್ವ ಭಾಗದಲ್ಲಿ ಶುರುವಾದದ್ದು ಇದು. ಡ್ಯಾಮೇಜ್ ಆದ ಮಾಲು, ಮಿಕ್ಕಿದ ಮಾಲು ಫ್ಯಾಕ್ಟರಿಯವರು ತಮ್ಮ ಕೆಲಸಗಾರರಿಗೇ ಕಡಿಮೆಗೆ ಕೊಡುತ್ತಿದ್ದರು. ಆಮೇಲೆ ಹೊರಗಿನವರಿಗೂ ಬಾಗಿಲು ತೆರೆದರು. 1970ರ ದಶಕದಲ್ಲಿ ಪೆನ್ಸಿಲ್ವೇನಿಯಾದ ರೆಡಿಂಗ್ ಊರಿನ ಹಳೆ ಕಾಲುಚೀಲದ ಮಿಲ್ಲಿನಲ್ಲೇ ಹಲವು ಅಂಗಡಿಗಳು ಒಟ್ಟಿಗೆ ತೆರೆದವು, ಅಲ್ಲಿಂದ ಇದೊಂದು ಮಾಲ್ ಆಯಿತು. ಅಲ್ಲಿ ಸಿಗುತ್ತಿದ್ದ ಡ್ಯಾಮೇಜ್ ಮಾಲನ್ನು ನಮ್ಮ ಭಾಷೆಯಲ್ಲಿ ಸೆಕೆಂಡ್ಸ್ ಅನ್ನುತ್ತೇವೆ. ತಪ್ಪು ಎಲ್ಲಿದೆ ಅಂತ ಬಾಣದ ಗುರುತಿನ ಸ್ಟಿಕ್ಕರ್ ಅಂಟಿಸಿರುತ್ತೇವೆ ನೋಡಿ, ಅದು. ಬೆಲೆ ಯಾಕೆ ಕಡಿಮೆ ಅಂತ ಬಟ್ಟೆಯೇ ಹೇಳುತ್ತಿತ್ತು.

ಆಮೇಲೆ ಅಂಗಡಿಗಳು ಬೆಳೆದವು, ಮಿಕ್ಕ ಮಾಲು ಬೆಳೆಯಲಿಲ್ಲ. ಕಂಪ್ಯೂಟರ್ ಬಂದ ಮೇಲೆ ಎಷ್ಟು ಬೇಕೋ ಅಷ್ಟೇ ಹೊಲಿಸುವುದು ಸುಲಭವಾಯಿತು. ನ್ಯೂಯಾರ್ಕಿನಿಂದ ಸುಮಾರು 80 ಕಿಲೋಮೀಟರ್ ದೂರದ ವುಡ್‌ಬರಿ ಕಾಮನ್ ಅನ್ನುವ ಔಟ್‌ಲೆಟ್ ಮಾಲ್ 1985ರಲ್ಲಿ ಶುರುವಾಯಿತು, ಈಗ ಅಲ್ಲಿ 200ಕ್ಕೂ ಜಾಸ್ತಿ ಅಂಗಡಿ. ಇಂಗ್ಲೆಂಡಿನ ಬೈಸೆಸ್ಟರ್ ವಿಲೇಜ್ 1995ರಲ್ಲಿ ಬಂತು. ಇಂಥ ಔಟ್‌ಲೆಟ್ ಮಾಲ್‌ಗಳು ಲೋಕದ ತುಂಬ ಇವೆ. ಇಷ್ಟು ಅಂಗಡಿ ವರ್ಷಪೂರ್ತಿ ತುಂಬಿಸೋಕೆ ಎಲ್ಲಿಂದ ತರುತ್ತೀರಿ ರಿಜೆಕ್ಟ್ ಮಾಲು? ಅಷ್ಟೊಂದು ತಪ್ಪು ಹೊಲಿದಿದ್ದರೆ ನಮ್ಮ ಸೂಪರ್‌ವೈಸರ್ ನಮ್ಮನ್ನು ಬದುಕೋಕೆ ಬಿಡುತ್ತಿದ್ದರಾ? ಅದಕ್ಕೇ ಔಟ್‌ಲೆಟ್‌ಗೆ ಅಂತಲೇ ಬೇರೆ ಹೊಲಿಸುತ್ತಾರೆ. ಹೊಲಿಸಲಿ, ತಪ್ಪೇನಿಲ್ಲ. ಕೆಲವು ಬ್ರ್ಯಾಂಡ್‌ಗಳು ಲೇಬಲ್ ಮೇಲೆ ಬೇರೆ ಗುರುತು ಹಾಕಿ ಅದನ್ನು ಒಪ್ಪಿಕೊಳ್ಳುತ್ತವೆ ಕೂಡ. ತೆಳು ಬಟ್ಟೆ, ಕಡಿಮೆ ಹೊಲಿಗೆ, ಕಡಿಮೆ ಬೆಲೆ ಅಂತ ಬರೆಯಲಿ. ಆ ಗೀಟು ಯಾಕೆ ಅಂತ ಕೇಳುತ್ತಿದ್ದೇನೆ ಅಷ್ಟೇ.

ಇದನ್ನು ನಾನೊಬ್ಬಳೇ ಕೇಳುತ್ತಿಲ್ಲ. 2014ರಲ್ಲಿ ಅಮೆರಿಕದ ಮೂವರು ಸೆನೆಟರುಗಳು, ಒಬ್ಬರು ಸಂಸದೆ ಸೇರಿ ವ್ಯಾಪಾರದ ಮೋಸ ತಡೆಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ಗೆ ಇದೇ ವಿಷಯಕ್ಕೆ ಕಾಗದ ಬರೆದಿದ್ದರು. ಯುರೋಪಿಯನ್ ಒಕ್ಕೂಟದಲ್ಲಂತೂ 2022ರ ಮೇ 28ರಿಂದ ಹೊಸ ನಿಯಮ ಬಂದಿದೆ. ಬೆಲೆ ಇಳಿಸಿದ್ದೇವೆ ಅಂತ ಬೋರ್ಡ್ ಹಾಕಿದರೆ, ಹಿಂದಿನ 30 ದಿನದಲ್ಲಿ ನೀವೇ ಮಾರಿದ ಅತಿ ಕಡಿಮೆ ಬೆಲೆ ಯಾವುದು ಅಂತಲೂ ತೋರಿಸಬೇಕು. ಆ ಟ್ಯಾಗ್ ಡಬ್ಬಿಗಳನ್ನು ಅಲ್ಲಿಗೆ ಕಳಿಸಿದ್ದರೆ ಏನಾಗುತ್ತಿತ್ತೋ.

ನಾದಿನಿಗೆ ಇದನ್ನೆಲ್ಲ ಅಲ್ಲೇ ನಿಂತು ಹೇಳಿದೆ. ಅವಳು ತಿರುಗಿ ಒಂದು ಮಾತು ಹೇಳಿದಳು. "ಆ ಗೀಟು ತೆಗೆದುಬಿಟ್ಟರೆ ಯಾರೂ ತಗೊಳ್ಳಲ್ಲ ಅತ್ತಿಗೆ. ಜನಕ್ಕೆ ಅದೇ ಬೇಕು."

ಮಾತು ಸುಳ್ಳಲ್ಲ. 2012ರಲ್ಲಿ ಅಮೆರಿಕದ ಜೆ.ಸಿ. ಪೆನ್ನಿ ಅನ್ನುವ ದೊಡ್ಡ ಅಂಗಡಿ ಸರಣಿ ಹಾಗೆ ಮಾಡಿ ನೋಡಿತು. ಕೂಪನ್ ಬೇಡ, ಗೀಟು ಬೇಡ, ದಿನಾ ಒಂದೇ ನ್ಯಾಯವಾದ ಬೆಲೆ ಅಂದಿತು. ಆ ವರ್ಷ ವ್ಯಾಪಾರ ಸುಮಾರು ಕಾಲುಭಾಗ ಬಿದ್ದುಹೋಯಿತು, 2013ರ ಏಪ್ರಿಲ್‌ನಲ್ಲಿ ಹಾಗೆ ಮಾಡಿದ ಮುಖ್ಯಸ್ಥರೇ ಹೊರಗೆ ಹೋದರು. ಇದನ್ನು ಹಿಡಿದುಕೊಂಡು "ನೋಡಿ, ಗಿರಾಕಿಗೇ ಸುಳ್ಳು ಇಷ್ಟ" ಅನ್ನುವವರು ಬಹಳ ಜನ ಇದ್ದಾರೆ. ವಾಹ್. ವರ್ಷಗಟ್ಟಲೆ ಗೀಟು ತೋರಿಸಿ ಅಭ್ಯಾಸ ಮಾಡಿಸಿದವರು ಯಾರು? ಮಗುವಿಗೆ ದಿನಾ ಚಾಕೊಲೇಟ್ ಕೊಟ್ಟು, ಒಂದು ದಿನ ನಿಲ್ಲಿಸಿ, ಅತ್ತಾಗ "ಇದರ ಗುಣವೇ ಹೀಗೆ" ಅಂದ ಹಾಗಾಯಿತು.

ಅದೂ ಅಲ್ಲದೆ ನಮ್ಮ ತಲೆ ಕೆಲಸ ಮಾಡೋದೇ ಹಾಗೆ. 1974ರಲ್ಲಿ ಟ್ವೆರ್ಸ್ಕಿ, ಕಾನೆಮನ್ ಅಂತ ಇಬ್ಬರು ಮನಃಶಾಸ್ತ್ರಜ್ಞರು ಒಂದು ಪ್ರಯೋಗದ ಬಗ್ಗೆ ಬರೆದರು. ಅಂಕಿ ಇರುವ ಚಕ್ರ ತಿರುಗಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡ ಎಷ್ಟು ಅಂತ ಕೇಳುವುದು. ಚಕ್ರ 10ರಲ್ಲಿ ನಿಂತಾಗ ಜನ 25ರ ಸುಮಾರು ಅಂದರು. 65ರಲ್ಲಿ ನಿಂತಾಗ 45ರ ಸುಮಾರು ಅಂದರು. ಚಕ್ರಕ್ಕೂ ಆಫ್ರಿಕಾಕ್ಕೂ ಏನು ಸಂಬಂಧ? ಏನೂ ಇಲ್ಲ. ಮೊದಲು ಕಣ್ಣಿಗೆ ಬಿದ್ದ ಅಂಕಿ ತಲೆಯಲ್ಲಿ ಗೂಟ ಹೊಡೆದು ಕೂತುಬಿಡುತ್ತದೆ. ಗೀಟು ಹಾಕಿದ ಬೆಲೆ ಅದೇ ಚಕ್ರ. ಅಳಿಸಿಲ್ಲ ನೋಡಿ, ಬರೀ ಗೀಟು. ಓದೋಕೆ ಆಗಲಿ ಅಂತಲೇ.

ಹೊರಗೆ ಬಂದರೆ ಇನ್ನೊಂದು ಲೋಕ. ಮಾಲಿನ ಗೇಟಿನಿಂದ ರಸ್ತೆ ತಿರುಗುವವರೆಗೂ ಅಂಗಡಿಯೋ ಅಂಗಡಿ. ಈ ಮಾಲ್ ಬರುವ ಮುಂಚೆ ಇಲ್ಲಿ ನಾಲ್ಕೈದು ಇದ್ದವು. ಈಗ ಎಲ್ಲರ ಬೋರ್ಡಿನಲ್ಲೂ ಫ್ಯಾಕ್ಟರಿ ಔಟ್‌ಲೆಟ್. ಚಪ್ಪಲಿ ಅಂಗಡಿಯೂ ಫ್ಯಾಕ್ಟರಿ ಔಟ್‌ಲೆಟ್, ಪಾತ್ರೆ ಅಂಗಡಿಯೂ ಫ್ಯಾಕ್ಟರಿ ಔಟ್‌ಲೆಟ್. ಫ್ಯಾಕ್ಟರಿ ಎಲ್ಲಿದೆಯೋ ದೇವರೇ ಬಲ್ಲ. ಒಬ್ಬರು ವಯಸ್ಸಾದ ಅಂಗಡಿಯವರನ್ನು ಕೇಳಿದೆ, ನೀವೂ ಯಾಕೆ ಗೀಟಿನ ಸ್ಟಿಕ್ಕರ್ ಹಾಕಿದ್ದೀರಿ ಅಂತ. "ಏನು ಮಾಡ್ಲಮ್ಮ, ಅಲ್ಲಿಂದ ಬಂದವರು ಇಲ್ಲೂ ಅದನ್ನೇ ಹುಡುಕ್ತಾರೆ. ಮೊದಲು ಬೆಲೆ ಏರಿಸ್ತೀನಿ, ಆಮೇಲೆ ಗೀಟು ಹಾಕ್ತೀನಿ" ಅಂದರು. ಇಷ್ಟು ಪ್ರಾಮಾಣಿಕವಾಗಿ ಸುಳ್ಳು ಒಪ್ಪಿಕೊಂಡವರನ್ನು ನಾನು ನೋಡಿರಲಿಲ್ಲ.

ರಸ್ತೆಯ ಕೊನೆಯಲ್ಲಿ ಮಾತ್ರ ಒಬ್ಬ ಹುಡುಗ ಟಾರ್ಪಾಲಿನ ಮೇಲೆ ಬಟ್ಟೆ ರಾಶಿ ಹಾಕಿಕೊಂಡಿದ್ದ. ಲೇಬಲ್ ಎಲ್ಲ ಅರ್ಧಕ್ಕೆ ಕತ್ತರಿಸಿದ್ದು. ನನ್ನ ಮನಸ್ಸು ಕುಣಿಯಿತು, ನಿಜವಾದ ಸರ್‌ಪ್ಲಸ್, ಫ್ಯಾಕ್ಟರಿಯಲ್ಲಿ ಮಿಕ್ಕ ಮಾಲು! ಒಂದು ಬಿಳಿ ಶರ್ಟ್ ಎತ್ತಿದೆ. ತೋಳಿನ ಮೇಲೆ ಆ ಬಾಣದ ಸ್ಟಿಕ್ಕರ್ ಇನ್ನೂ ಹಾಗೇ ಇತ್ತು. "ಅಕ್ಕಾ, ಅಲ್ಲಿ ಸಣ್ಣ ಎಣ್ಣೆ ಕಲೆ ಇದೆ, ನೋಡ್ಕೊಂಡು ತಗೊಳ್ಳಿ" ಅಂದ. ಮಡಚಿ ಹೊಲಿದ ಸೀಮ್. ಎಣಿಸಿದೆ, ಇಂಚಿಗೆ 16. ಇಂಥ ರಾಶಿಯಲ್ಲೂ ನಕಲಿ ಲೇಬಲ್ ಹಚ್ಚಿ ಮಾರುವವರಿದ್ದಾರೆ, ಗೊತ್ತು. ಇವನು ಅಂಥವನಲ್ಲ. ಟ್ಯಾಗೇ ಇಲ್ಲ, ಬಾಯಲ್ಲಿ ಒಂದೇ ಬೆಲೆ. ತಗೊಂಡೆ.

ನಾದಿನಿ ಆ ನೀಲಿ ಶರ್ಟನ್ನೂ ಬಿಡಲಿಲ್ಲ, ಅಣ್ಣನಿಗೆ ಅಂತ ತಂದುಕೊಟ್ಟಳು. ರಾತ್ರಿ ಆ ತೂಗಾಡುವ ಗುಂಡಿಯನ್ನು ನಾನೇ ಬಿಗಿ ಮಾಡಿ ಹೊಲಿದೆ. ನಮ್ಮವರು ಹಾಕಿಕೊಂಡು ಕನ್ನಡಿ ಮುಂದೆ ನಿಂತು ಕೇಳಿದರು, "ಚೆನ್ನಾಗಿದೆ ಕಣೇ, ಎಷ್ಟಂತೆ?"

ಏನು ಹೇಳಲಿ. ನನ್ನ ಬಾಯಿಂದ ಮೊದಲು ಬಂದದ್ದು ಗೀಟು ಹಾಕಿದ ಬೆಲೆ.