ಹುಳುಕು ಹಲ್ಲಿಗೆ ಬೆಳ್ಳಿ ಸಿಮೆಂಟ್: ನಿಲ್ಲಿಸಬೇಕೇ, ಇರಲೇ?

ಪರ: ನಿಲ್ಲಿಸೋಣ, ಮೀನು ತಿನ್ನುವವರು ನಾವು

ಮಂಗಳೂರಿನ ಬಂದರಿನ ಹತ್ತಿರ ಬೆಳೆದವನು ನಾನು. ಬಂಗುಡೆಯೋ ಬೂತಾಯಿಯೋ ಇಲ್ಲದಿದ್ದರೆ ಊಟ ಸೇರುವುದಿಲ್ಲ. ಅದಕ್ಕೇ ಪಾದರಸ ಅಂದರೆ ನನಗೆ ಹಲ್ಲಿಗಿಂತ ಮೊದಲು ಮೀನು ನೆನಪಾಗುತ್ತದೆ.

ನಾವು ಬೆಳ್ಳಿ ಸಿಮೆಂಟ್ ಅನ್ನುವ ಅಮಾಲ್ಗಮ್‌ನಲ್ಲಿ ಬೆಳ್ಳಿಯದು ಹೆಸರು ಮಾತ್ರ. ತೂಕದಲ್ಲಿ ಸುಮಾರು ಅರ್ಧ ಪಾದರಸ. ಉಳಿದದ್ದು ಬೆಳ್ಳಿ, ತವರ, ತಾಮ್ರದ ಪುಡಿ. ಹಿಂದೆಲ್ಲ ಆ ಪುಡಿಗೆ ಪಾದರಸ ಹಾಕಿ, ಅಂಗೈಯಷ್ಟು ಕಲ್ಲಿನಲ್ಲಿ ಅರೆದು, ಬಟ್ಟೆಯಲ್ಲಿ ಸುತ್ತಿ ಹಿಂಡುತ್ತಿದ್ದರು. ಜಾಸ್ತಿಯಾದ ಪಾದರಸ ಬಟ್ಟೆಯಿಂದ ಹನಿಹನಿಯಾಗಿ ಹೊರಬರುತ್ತಿತ್ತು. ಒಂದು ಹನಿ ನೆಲಕ್ಕೆ ಬಿದ್ದರೆ ಮುಗಿಯಿತು, ಹತ್ತಾಗಿ ಒಡೆದು ಓಡುತ್ತದೆ. ಈಗ ಮುಚ್ಚಿದ ಕ್ಯಾಪ್ಸೂಲ್ ಬಂದಿದೆ, ಯಂತ್ರವೇ ಅಲ್ಲಾಡಿಸಿ ಕಲಸುತ್ತದೆ. ಸರಿ. ಆದರೆ ಹಳೇ ಫಿಲ್ಲಿಂಗ್ ಕೊರೆದಾಗ ಬರುವ ಪುಡಿ? ಬಾಯಿ ಮುಕ್ಕಳಿಸಿ ಉಗಿದದ್ದು ಬೇಸಿನ್ನಿಗೆ. ಅಲ್ಲಿ ಅದನ್ನು ಹಿಡಿದಿಡುವ ಸಪರೇಟರ್ ಇಲ್ಲದಿದ್ದರೆ ಚರಂಡಿಗೆ. ನಮ್ಮೂರಿನ ನೀರು ಕೊನೆಗೆ ಹೋಗುವುದೆಲ್ಲಿಗೆ? ನೇತ್ರಾವತಿ, ಫಲ್ಗುಣಿ ಎರಡೂ ಸೇರುವ ಅಳಿವೆಬಾಗಿಲಿಗೆ, ಅಲ್ವಾ?

ಜಪಾನಿನ ಮಿನಮಾಟದವರೂ ನಮ್ಮ ಹಾಗೆ ಕಡಲ ಬದಿಯವರೇ. ಅಲ್ಲಿನ ಕಾರ್ಖಾನೆ ಪಾದರಸದ ಕೊಳೆನೀರನ್ನು ಸಮುದ್ರಕ್ಕೆ ಬಿಟ್ಟಿತು. ಅದು ಮೀನಿಗೆ ಸೇರಿತು, ಮೀನಿನಿಂದ ಮನುಷ್ಯರಿಗೆ. 1956ರಲ್ಲಿ ಕಾಯಿಲೆ ಬೆಳಕಿಗೆ ಬಂತು. ಕೈಕಾಲು ಸ್ವಾಧೀನ ತಪ್ಪಿದವರಲ್ಲಿ ಮೀನುಗಾರರ ಮನೆಯವರೇ ಹೆಚ್ಚು. ಒಂದು ಕ್ಲಿನಿಕ್ಕಿನ ಪುಡಿಗೂ ಆ ಕಾರ್ಖಾನೆಗೂ ಹೋಲಿಕೆ ಇಲ್ಲ, ಒಪ್ಪುತ್ತೇನೆ. ಆದರೆ ಕ್ಲಿನಿಕ್ ಒಂದೇ ಇಲ್ಲವಲ್ಲ. ಆ ಊರಿನ ಹೆಸರಲ್ಲೇ 2013ರಲ್ಲಿ ಪಾದರಸದ ಬಳಕೆ ತಗ್ಗಿಸುವ ಒಪ್ಪಂದವಾಯಿತು. ಭಾರತ 2018ರಲ್ಲಿ ಅದನ್ನು ಒಪ್ಪಿಕೊಂಡಿತು. ಯುರೋಪಿಯನ್ ಒಕ್ಕೂಟವಂತೂ 2025ರ ಜನವರಿ 1ರಿಂದಲೇ ಅಮಾಲ್ಗಮ್ ನಿಲ್ಲಿಸಿದೆ, ತೀರಾ ಬೇಕೇಬೇಕು ಅಂತ ವೈದ್ಯರಿಗೆ ಅನಿಸಿದವರಿಗೆ ಬಿಟ್ಟು.

ಇನ್ನು ಹಲ್ಲಿನ ವಿಷಯ. ಅಮಾಲ್ಗಮ್ ಹಲ್ಲಿಗೆ ಅಂಟುವುದಿಲ್ಲ. ಅದು ಜಾರಿ ಬೀಳದಿರಲು ಮಡಕೆಯ ಹಾಗೆ ಬಾಯಿ ಸಣ್ಣ, ಹೊಟ್ಟೆ ಅಗಲ ಮಾಡಿ ಕೊರೆಯಬೇಕು. ಅಂದರೆ ಚೆನ್ನಾಗಿದ್ದ ಹಲ್ಲೂ ಸ್ವಲ್ಪ ಹೋಯಿತು. ಬಿಳಿ ಕಾಂಪೋಸಿಟ್, ಅಂದರೆ ಹಲ್ಲಿನ ಬಣ್ಣದ ರಾಳದ ಫಿಲ್ಲಿಂಗ್, ಹಾಗಲ್ಲ. ಆಸಿಡ್ ಸವರಿ ಹಲ್ಲನ್ನು ತುಸು ಒರಟು ಮಾಡಿ, ಅಂಟು ಹಚ್ಚಿ, ಮೆತ್ತಿ, ನೀಲಿ ಬೆಳಕು ಹಿಡಿದರೆ ಗಟ್ಟಿ. ಹುಳುಕಾದಷ್ಟನ್ನೇ ತೆಗೆದರೆ ಸಾಕು. ಹಳ್ಳಿಗಳಲ್ಲಿ ಕರೆಂಟ್ ಇಲ್ಲ ಅನ್ನಬೇಡಿ. ಕೈ ಉಪಕರಣದಿಂದಲೇ ಹುಳುಕು ಕೆರೆದು, ಹಲ್ಲಿಗೆ ತಾನೇ ಅಂಟುವ ಗ್ಲಾಸ್ ಅಯೊನೊಮರ್ ಅನ್ನುವ ಸಿಮೆಂಟ್ ತುಂಬುವ ಕ್ರಮ 1980ರ ದಶಕದಲ್ಲಿ ಟಾಂಜಾನಿಯಾದಲ್ಲೇ ಶುರುವಾಗಿದೆ. ಅದರಿಂದ ಫ್ಲೋರೈಡ್ ಕೂಡ ಹಲ್ಲಿಗೆ ಸಿಗುತ್ತದೆ.

ಹೆಬ್ರಿಯಲ್ಲಿರುವ ನನ್ನ ನಾದಿನಿ ಇದನ್ನು ಒಪ್ಪುವುದಿಲ್ಲ. ಅತ್ತೆಯ ಹಲ್ಲನ್ನೇ ಸಾಕ್ಷಿಗೆ ತರುತ್ತಾಳೆ, ನೋಡಿ.

ವಿರೋಧ: ದವಡೆ ಹಲ್ಲಿಗೆ ಇರಲಿ ಬಿಡಿ

ಹೌದು ಭಾವ, ತರುತ್ತೇನೆ. ಅಮ್ಮ 1991ರಲ್ಲಿ ಮಣಿಪಾಲಕ್ಕೆ ಬಸ್ಸಿನಲ್ಲಿ ಹೋಗಿ ಡೆಂಟಲ್ ಕಾಲೇಜಿನಲ್ಲಿ ಹಾಕಿಸಿಕೊಂಡದ್ದು. ಆಮೇಲೆ ಅದರ ಸುದ್ದಿಯೇ ಇಲ್ಲ. ಎಲೆ ಅಡಿಕೆ, ಚಕ್ಕುಲಿ, ಕೋರಿ ರೊಟ್ಟಿ ಎಲ್ಲ ಆ ಹಲ್ಲಿನಲ್ಲೇ. ಕಪ್ಪಾಗಿದೆ, ಅಷ್ಟೇ.

ನನ್ನದು ಬಿಳಿ. ಕೆಳಗಿನ ಕಡೇ ದವಡೆ ಹಲ್ಲು. ಹತ್ತಿ ಸುರುಳಿ ಇಟ್ಟರು, ನಾಲಿಗೆ ತಳ್ಳಿತು. ಮತ್ತೆ ಇಟ್ಟರು. ಅಷ್ಟರಲ್ಲಿ ಎಂಜಲು ತುಂಬಿತು. "ನುಂಗಬೇಡಿ, ಒಂದೇ ನಿಮಿಷ" ಅಂದರು. ನುಂಗಿಬಿಟ್ಟೆ! ಅಂಟು ಹಚ್ಚುವ ಜಾಗಕ್ಕೆ ಎಂಜಲು ತಾಗಿದರೆ ಅದು ಸರಿಯಾಗಿ ಹಿಡಿಯುವುದಿಲ್ಲ. ರಬ್ಬರ್ ಹಾಳೆ ಹಾಕಿ ಹಲ್ಲನ್ನು ಬೇರೆ ಮಾಡಬಹುದಿತ್ತು, ಮಾಡಲಿಲ್ಲ. ಮೂರನೇ ವರ್ಷಕ್ಕೆ ಅಂಚಿನಲ್ಲಿ ಮತ್ತೆ ಹುಳುಕು. ಕಾಂಪೋಸಿಟ್ ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುತ್ತದೆ ಕೂಡ. ಅದಕ್ಕೇ ಎರಡೆರಡು ಮಿಲಿಮೀಟರ್ ಪದರವಾಗಿ ಹಾಕುತ್ತಾ, ಪ್ರತಿ ಪದರಕ್ಕೂ ಬೆಳಕು ಹಿಡಿಯುವುದು. ಅಷ್ಟು ತಾಳ್ಮೆ, ಅಷ್ಟು ಹೊತ್ತು, ಅಷ್ಟು ದುಡ್ಡು ಎಲ್ಲ ಕಡೆ ಇರುತ್ತದಾ? ಅಮಾಲ್ಗಮ್ ಸ್ವಲ್ಪ ಎಂಜಲಿಗೆ ಹೆದರುವುದಿಲ್ಲ. ಒತ್ತಿ ತುಂಬುವಾಗ ಕಿರ್ರ್ ಅನ್ನುತ್ತದೆ, ತಾನಾಗಿಯೇ ಗಟ್ಟಿಯಾಗುತ್ತದೆ. ದವಡೆ ಹಲ್ಲುಗಳಲ್ಲಿ ಎರಡನ್ನೂ ಹೋಲಿಸಿ ನೋಡಿದ ಅಧ್ಯಯನಗಳಲ್ಲೂ ಬೇಗ ಕೆಟ್ಟದ್ದು ಜಾಸ್ತಿ ಬಿಳಿಯೇ. ಗ್ಲಾಸ್ ಅಯೊನೊಮರ್ ಹಾಲುಹಲ್ಲಿಗೆ ಚೆಂದ. ಜಗಿಯುವ ದೊಡ್ಡ ಹಲ್ಲಿನ ದೊಡ್ಡ ಗುಂಡಿಗೆ ತುಂಬಿದರೆ ಸವೆಯುತ್ತದೆ.

ಮಕ್ಕಳಿಗೆ, ಗರ್ಭಿಣಿಯರಿಗೆ, ಎದೆಹಾಲು ಕೊಡುವವರಿಗೆ ಬೆಳ್ಳಿ ಬೇಡ. ಅದರಲ್ಲಿ ನನ್ನದೂ ಭಾವನದೂ ಒಂದೇ ಮಾತು. ಚರಂಡಿಯ ಚಿಂತೆಯೂ ಸರಿಯೇ. ಆದರೆ ಅದಕ್ಕೆ ಮದ್ದು ಬೇಸಿನ್ನಿನ ಕೆಳಗಿದೆ: ಸಪರೇಟರ್ ಕಡ್ಡಾಯ ಮಾಡಿ. ಅದಕ್ಕಾಗಿ ಹೆಬ್ರಿಯಿಂದ ಒಂದು ದಿನದ ಕೂಲಿ ಬಿಟ್ಟು ಬಂದವನ ಹಲ್ಲಿಗೆ ಮೂರು ವರ್ಷದ ಫಿಲ್ಲಿಂಗ್ ಯಾಕೆ?

ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ಪಾದರಸ ಅಂತ ಹೆದರಿಸಿ, ಚೆನ್ನಾಗಿರುವ ಬೆಳ್ಳಿಯನ್ನೆಲ್ಲ ಕಿತ್ತು ಬಿಳಿ ಹಾಕುವ ವ್ಯಾಪಾರ. ಪಾದರಸದ ಆವಿ ಜಾಸ್ತಿ ಏಳುವುದೇ ಅದನ್ನು ಕೊರೆಯುವಾಗ! ಔಷಧ, ವೈದ್ಯಕೀಯ ಸಾಮಗ್ರಿಗಳನ್ನು ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಕೂಡ 2020ರಲ್ಲಿ ಹೇಳಿದ್ದು ಇದನ್ನೇ: ಕೆಲವರಿಗೆ ಹೊಸದಾಗಿ ಹಾಕುವುದು ಬೇಡ, ಆದರೆ ಗಟ್ಟಿಯಾಗಿರುವ ಹಳೆಯದನ್ನು ಸುಮ್ನೆ ತೆಗೆಯಬೇಡಿ. ಕಳೆದ ವರ್ಷ ಅಮ್ಮನಿಗೂ ಒಬ್ಬರು ಬದಲಿಸೋಣ ಅಂದರು. ಅಮ್ಮ ಬಾಯಿ ಮುಚ್ಚಿಕೊಂಡು ಕುರ್ಚಿಯಿಂದ ಇಳಿದರು. ಹೊರಗೆ ಬಂದು ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚತೊಡಗಿದರು.