ದಿನಕ್ಕೆ 27 ಗಂಟೆ, ಪೋಷಕರ ಸಹಿ ಇಲ್ಲಿ

ಫೆಬ್ರವರಿ ಬಂತು ಅಂದ್ರೆ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರೋ ನಮ್ಮಂಥವರ ಮನೆಗಳಲ್ಲಿ ಒಂದು ಹಬ್ಬ, ಪಂಚಾಂಗದಲ್ಲಿ ಹಾಕಿಲ್ಲ ಅಷ್ಟೆ. ಮುಂದಿನ ವರ್ಷ ಸೀನಿಯರ್, ಅಂದ್ರೆ 12ನೇ ಕ್ಲಾಸ್, ಆಗೋ ಮಕ್ಕಳು ಕೋರ್ಸ್ ಆರಿಸ್ಕೊಳ್ಳೋ ಹಬ್ಬ. ಮೊನ್ನೆ ಮಗಳ ಸ್ಕೂಲಿಂದ ಆ ಫಾರ್ಮ್ ಜತೆಗೆ ಇನ್ನೊಂದು ಹಾಳೆ ಬಂತು, ಟೈಮ್ ಮ್ಯಾನೇಜ್‌ಮೆಂಟ್ ವರ್ಕ್‌ಶೀಟ್ ಅಂತೆ. ಯಾವ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಹೈಸ್ಕೂಲಲ್ಲೇ ಕಲಿಸೋ ಕಾಲೇಜು ಮಟ್ಟದ ಪಾಠ) ಕ್ಲಾಸಿನ ಹೋಮ್‌ವರ್ಕಿಗೆ ಎಷ್ಟು ಹೊತ್ತು, ರೋಬೋಟಿಕ್ಸ್ ಎಷ್ಟು, ಭರತನಾಟ್ಯ ಎಷ್ಟು, ಊಟ ಎಷ್ಟು, ನಿದ್ದೆ ಎಷ್ಟು, ಎಲ್ಲ ಬರೆದು ಕೂಡಿಸಿ ಅಪ್ಪ ಅಮ್ಮ ಸಹಿ ಹಾಕಿ ಕಳಿಸ್ಬೇಕು. ಪಾಪ ಅವಳು ಪ್ರಾಮಾಣಿಕವಾಗಿ ಬರೆದ್ಲು. ಕೂಡಿಸಿದ್ರೆ ದಿನಕ್ಕೆ 27 ಗಂಟೆ. ನಾನು ಸಾಫ್ಟ್‌ವೇರ್‌ನಲ್ಲಿ 20 ವರ್ಷ ಸುಳ್ಳು ಎಸ್ಟಿಮೇಟ್ ಕೊಟ್ಟು ಪಳಗಿದವನು, ನಿದ್ದೆ ಮುಂದೆ ಇದ್ದ 8 ಹೊಡೆದುಹಾಕಿ 5 ಮಾಡ್ದೆ, ಲೆಕ್ಕ ಸರಿಹೋಯ್ತು, ಸಹಿ ಹಾಕ್ದೆ.

"ರೀ, ಅದರಲ್ಲಿ ಸ್ನಾನ ಬರೆದೇ ಇಲ್ಲ" ಅಂದ್ಲು ಹೆಂಡತಿ. ಸ್ನಾನಕ್ಕೇನು ಎಪಿ ಇದ್ಯಾ.

ಎಪಿ ಅಂದ್ರೇನು ಅಂತ ಇಲ್ಲಿ ಯಾರಿಗೂ ಹೇಳ್ಬೇಕಾಗಿಲ್ಲ. ಮೊದಲೆಲ್ಲ ಯಾರ ಮನೆಗೆ ಹೋದ್ರೂ ಕಾಫಿ ಕುಡಿತೀರಾ ಅಂತ ಕೇಳ್ತಿದ್ರು, ಈಗ ಚಪ್ಪಲಿ ಬಿಡೋಕೆ ಮುಂಚೆ "ನಿಮ್ಮ ಮಗಳು ಎಷ್ಟು ತಗೊಂಡ್ಲು?" ನಾಲ್ಕು ಅಂದ್ರೆ ಮುಖದಲ್ಲಿ ಒಂದು ಸಂತಾಪ ಕಾಣ್ಸುತ್ತೆ. "ಪರ್ವಾಗಿಲ್ಲ ಬಿಡಿ, ಎಲ್ಲರೂ ಒಂದೇ ಥರ ಇರಲ್ಲ." ಅವರ ಮಗ ಏಳು ತಗೊಂಡಿದಾನೆ. ಮದುವೆ ಮನೆ ಪಂಕ್ತೀಲಿ ಕೈ ಅಡ್ಡ ಇಟ್ರೂ ಬಿಡದೆ "ಇನ್ನೊಂದೇ ಒಂದು ಹೋಳಿಗೆ" ಅಂತ ಹಾಕ್ತಾರಲ್ಲ, ಹಾಗೆ ಕ್ಯಾಲ್ಕುಲಸ್ ಬಿಸಿ ಆಯ್ತಾ, ಸ್ಟ್ಯಾಟ್ಸ್ ಒಂದಿರ್ಲಿ, ಎನ್ವಿರಾನ್‌ಮೆಂಟಲ್ ಸೈನ್ಸ್ ಏನು ಹಗುರ, ತುಪ್ಪದ ಥರ ಮೇಲೆ ಹಾಕ್ಕೊಳ್ಳಿ. ಫಿಸಿಕ್ಸ್ ಸಿ ಒಂದೇ ಅನ್ಕೊಂಡ್ರೆ ಅದು ಎರಡು ಪರೀಕ್ಷೆ, ಮೆಕ್ಯಾನಿಕ್ಸ್ ಬೇರೆ, ಎಲೆಕ್ಟ್ರಿಸಿಟಿ ಬೇರೆ, ಫೀಸೂ ಎರಡು. ಇಡ್ಲಿಗೊಂದು ಬಿಲ್ಲು, ಚಟ್ನಿಗೊಂದು ಬಿಲ್ಲು.

ಇನ್ನು ಆ ಫೀಸು. ಈ ಪರೀಕ್ಷೆ ನಡೆಸೋ ಕಾಲೇಜ್ ಬೋರ್ಡ್ ಲಾಭಕ್ಕೆ ನಿಂತ ಸಂಸ್ಥೆ ಅಲ್ಲ, ದಯವಿಟ್ಟು ಎದ್ದು ನಿಂತು ಚಪ್ಪಾಳೆ ತಟ್ಟಿ. ಲಾಭದ ಆಸೆ ಇಲ್ಲದೇನೇ ವರ್ಷಕ್ಕೆ 100 ಕೋಟಿ ಡಾಲರ್ ಮೇಲೆ ಆದಾಯ ಮಾಡೋದು ಸಾಧಾರಣ ವೈರಾಗ್ಯ ಅಲ್ಲ. 2025ರಲ್ಲಿ ಒಂದು ಪರೀಕ್ಷೆಗೆ 99 ಡಾಲರ್, ಬಾಟಾ ಚಪ್ಪಲಿ ರೇಟು. ಪರೀಕ್ಷೆ ಮೇ ತಿಂಗಳಲ್ಲಿ, ಹೆಸರು ಕೊಡೋದು ನವೆಂಬರ್ ಮಧ್ಯದ ಒಳಗೆ, ತಡ ಆದ್ರೆ 40 ಡಾಲರ್ ಜಾಸ್ತಿ, ಹೆಸರು ಕೊಟ್ಟು ಆಮೇಲೆ ಬರಿಲಿಲ್ಲ ಅಂದ್ರೂ 40 ಡಾಲರ್. 2020ರಲ್ಲಿ ಕೊರೊನಾ ಬಂದು ಮನೇಲೇ ಕೂತು 45 ನಿಮಿಷದ ಪರೀಕ್ಷೆ ಬರೆಸಿದ್ರಲ್ಲ ನೆನಪಿದ್ಯಾ, ಮಕ್ಕಳು ಉತ್ತರ ಬರೆದು ಐಫೋನಲ್ಲಿ ಫೋಟೋ ತೆಗೆದ್ರೆ ಆ ಫೋಟೋ ಎಚ್‌ಇಐಸಿ ಅನ್ನೋ ಫಾರ್ಮ್ಯಾಟು, ವೆಬ್‌ಸೈಟಿಗೆ ಅದು ಅರ್ಥ ಆಗ್ತಿರಲಿಲ್ಲ, ಎಷ್ಟೋ ಮಕ್ಕಳು ಜೂನ್‌ನಲ್ಲಿ ಮತ್ತೆ ಬರೆದ್ರು. ಕಾಲೇಜು ಮಟ್ಟದ ಕಂಪ್ಯೂಟರ್ ಸೈನ್ಸ್ ಪರೀಕ್ಷೆ ನಡೆಸೋರು ಇವರೇ.

ಈಗ ನನಗೆ ಅತಿ ಇಷ್ಟವಾದ ಭಾಗಕ್ಕೆ ಬರ್ತೀನಿ. ನಮ್ಮ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕಾಲೇಜುಗಳು, ಬರ್ಕ್ಲಿ, ಯುಸಿಎಲ್‌ಎ ಎಲ್ಲ, ಅರ್ಜಿಗೆ ಜಿಪಿಎ, ಅಂದ್ರೆ ಗ್ರೇಡುಗಳ ಸರಾಸರಿ, ಲೆಕ್ಕ ಹಾಕೋದು 10 ಮತ್ತು 11ನೇ ಕ್ಲಾಸಿನ ಗ್ರೇಡ್ ಹಿಡ್ಕೊಂಡು. ಎಪಿ ತಗೊಂಡ್ರೆ ಸಿಗೋ ಹೆಚ್ಚುವರಿ ಪಾಯಿಂಟ್‌ಗೂ ಎಂಟು ಸೆಮಿಸ್ಟರ್ ಅಂತ ಮಿತಿ ಇದೆ. 12ನೇ ಕ್ಲಾಸಲ್ಲಿ ಏನೇನು ತಗೊಂಡಿದೀಯ ಅಂತ ಪಟ್ಟಿ ಮಾತ್ರ ನೋಡ್ತಾರೆ. ಸೀಟು ಸಿಕ್ಕಿದ್ಮೇಲೆ ಆ ವರ್ಷ ಬಿ ಸರಾಸರಿ ಇಟ್ಕೊಂಡು ಡಿ, ಎಫ್ ಬರದೇ ಇದ್ರೆ ಸಾಕು. ಮಾರ್ಚ್ ಹೊತ್ತಿಗೆ ಕಾಲೇಜುಗಳ ತೀರ್ಮಾನ ಬರುತ್ತೆ, ಮೇ 1ಕ್ಕೆ ಯಾವ ಕಾಲೇಜು ಅಂತ ನಿಶ್ಚಿತಾರ್ಥ ಮುಗಿಯುತ್ತೆ, ಆಮೇಲೆ ಎಪಿ ಪರೀಕ್ಷೆ, ಅದರ ರಿಸಲ್ಟ್ ಜುಲೈನಲ್ಲಿ. ಅಂದ್ರೆ ಮದುವೆ ಆಗಿ, ಬೀಗರೂಟ ಮುಗಿದು, ಚಪ್ಪರ ಬಿಚ್ಚಿ ಆದ್ಮೇಲೆ ಜಾತಕ ಕೂಡುತ್ತಾ ಅಂತ ನೋಡೋದು.

ಎಪಿ ಪರೀಕ್ಷೇಲಿ 5ಕ್ಕೆ 3 ಬಂದ್ರೂ ಯುಸಿಯಲ್ಲಿ ಕ್ರೆಡಿಟ್, ಅಂದ್ರೆ ಡಿಗ್ರಿ ಲೆಕ್ಕಕ್ಕೆ ಸೇರೋ ಅಂಕ, ಕೊಡ್ತಾರಲ್ಲ ಅಂತೀರಾ. ಕೊಡ್ತಾರೆ, ಒಪ್ಪಿದೆ. ಆದರೆ ಪಂಕ್ತೀಲಿ ಏಳು ಬಡಿಸಿಕೊಂಡವರ ಕನಸಲ್ಲಿ ಕ್ಯಾಲ್ಟೆಕ್ ಇರುತ್ತೆ, ಬ್ರೌನ್ ಇರುತ್ತೆ, ಡಾರ್ಟ್‌ಮತ್ ಇರುತ್ತೆ, ಅಲ್ಲಿ ಎಪಿಗೆ ಕ್ರೆಡಿಟ್ಟೇ ಇಲ್ಲ.

ಹಾಗಾದ್ರೆ ಯಾಕೆ? ಒಂದು ಟಿಕ್ ಮಾರ್ಕಿಗೆ ಸ್ವಾಮಿ. ಕಾಮನ್ ಆಪ್ ಅಂತ ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಇರುತ್ತೆ, ಅದರಲ್ಲಿ ಸ್ಕೂಲ್ ಕೌನ್ಸಿಲರ್ ತುಂಬೋ ಫಾರ್ಮಲ್ಲಿ ಒಂದು ಪ್ರಶ್ನೆ ಇದೆ, ಈ ಹುಡುಗಿ ನಿಮ್ಮ ಸ್ಕೂಲಲ್ಲಿ ಸಿಗೋ ಕೋರ್ಸುಗಳಲ್ಲಿ ಎಷ್ಟು ಕಷ್ಟದ್ದು ತಗೊಂಡಿದಾಳೆ ಅಂತ. ಮೇಲಿನ ಡಬ್ಬ "ಮೋಸ್ಟ್ ಡಿಮ್ಯಾಂಡಿಂಗ್", ಅದರ ಕೆಳಗೆ "ವೆರಿ ಡಿಮ್ಯಾಂಡಿಂಗ್". ಈ ಎರಡು ಡಬ್ಬಗಳ ನಡುವಿನ ಅರ್ಧ ಇಂಚಲ್ಲಿ ನಮ್ಮ ಮಕ್ಕಳು ಒಂದು ವರ್ಷ ವಾಸ ಮಾಡ್ತಾರೆ. ಅದೇ ಕೌನ್ಸಿಲರ್ ಪೋಷಕರ ಸಭೇಲಿ ಕೈಮುಗಿದು "ಮ್ಯಾನೇಜಬಲ್ ಲೋಡ್ ತಗೊಳ್ಳಿ, ಬ್ಯಾಲೆನ್ಸ್ ಮುಖ್ಯ" ಅಂತಾರೆ. ನಾವೂ ತಲೆ ಆಡಿಸ್ತೀವಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹೇಳಿ ಹಾಸಿಗೇನೇ ಕಿತ್ಕೊಂಡ ಹಾಗೆ.

ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಅಂತ ಹೇಳೋಕೆ ಬಾಯಿ ತೆಗೆದೆ, ಹಾಳು ನೆನಪು ಅಡ್ಡ ಬಂತು. ಪಿಯುಸಿಲಿ ನಾನು ಕನ್ನಡ ಬಿಟ್ಟು ಸಂಸ್ಕೃತ ತಗೊಂಡೆ, ಕಾಳಿದಾಸನ ಮೇಲಿನ ಪ್ರೀತಿಗಲ್ಲ, ಸ್ಕೋರ್ ಆಗುತ್ತೆ ಅಂತ. ಉತ್ತರ ಕನ್ನಡದಲ್ಲೇ ಬರೀಬಹುದಿತ್ತು ನೋಡಿ. ಕನ್ನಡದಲ್ಲಿ ಬರೆದು ಸಂಸ್ಕೃತದಲ್ಲಿ ಮಾರ್ಕ್ಸ್ ತಗೊಂಡ ಮಹಾನುಭಾವ ನಾನು, ಇವತ್ತು ರಾಮಃ ರಾಮೌ ರಾಮಾಃ ಆದ್ಮೇಲೆ ಗಾಡಿ ಮುಂದಕ್ಕೆ ಹೋಗಲ್ಲ. ಈಗ ಭಾನುವಾರ ಮಗಳನ್ನ ಕನ್ನಡ ಕ್ಲಾಸಿಗೆ ಬಿಟ್ಟು ಬರ್ತೀನಿ. ಕನ್ನಡಕ್ಕೆ 2008ರಲ್ಲೇ ಶಾಸ್ತ್ರೀಯ ಸ್ಥಾನ ಸಿಕ್ಕಿದೆ, ಎಪಿ ಸಿಕ್ಕಿಲ್ಲ. ಯಾರ ಮನೇಲೂ ಮಾತಾಡದ ಲ್ಯಾಟಿನ್‌ಗೆ ಇದೆ. ಮೂರು ಮನೆಯವರು ಲೆಕ್ಕ ಹಾಕಿ ಆಗಲೇ ಕನ್ನಡ ಕ್ಲಾಸ್ ಬಿಡಿಸಿದ್ರು.

ತಮಾಷೆ ಸಾಕು. 2022ರ ಜುಲೈಯಿಂದ ಕ್ಯಾಲಿಫೋರ್ನಿಯಾದಲ್ಲಿ ಕಾನೂನೇ ಇದೆ, ಹೈಸ್ಕೂಲು ಬೆಳಿಗ್ಗೆ 8:30ಕ್ಕೆ ಮುಂಚೆ ಶುರು ಮಾಡಬಾರದು ಅಂತ, ಯಾಕಂದ್ರೆ ಈ ವಯಸ್ಸಿನ ಮಕ್ಕಳಿಗೆ ನಿದ್ದೆ ಬೇಕು ಅಂತ ಡಾಕ್ಟರುಗಳು ಬಡ್ಕೊಂಡ್ರು. ಆ ಕಾನೂನಲ್ಲಿ ಝೀರೋ ಪೀರಿಯಡ್‌ಗೆ, ಅಂದ್ರೆ ಸ್ಕೂಲ್ ಶುರುವಾಗೋ ಮುಂಚಿನ ಐಚ್ಛಿಕ ಕ್ಲಾಸಿಗೆ, ವಿನಾಯ್ತಿ ಇದೆ. ಸಿಕ್ತಲ್ಲ ಸಂದಿ, ನಾವು ಅಲ್ಲಿಗೂ ಒಂದು ಕ್ಲಾಸ್ ತುರುಕಿದ್ವಿ. ರಾತ್ರಿ ಒಂದು ಗಂಟೆಗೆ ನೀರು ಕುಡಿಯೋಕೆ ಎದ್ರೆ ಅವಳ ರೂಮಲ್ಲಿ ದೀಪ ಉರೀತಿರುತ್ತೆ, ಲ್ಯಾಪ್‌ಟಾಪ್ ಮೇಲೆ ಕೆನ್ನೆ ಇಟ್ಟು ಮಲಗಿರ್ತಾಳೆ, ಕೀಬೋರ್ಡ್ ಅಚ್ಚು ಮುಖದ ಮೇಲೆ. ಎಬ್ಬಿಸ್ಬೇಕೋ ಬೇಡ್ವೋ ಗೊತ್ತಾಗಲ್ಲ. ಎಬ್ಬಿಸಿದ್ರೆ ಮತ್ತೆ ಓದ್ತಾಳೆ. ವಾಷಿಂಗ್ಟನ್ ಡಿಸಿ ಕಡೆ ಎಂಟು ದೊಡ್ಡ ಖಾಸಗಿ ಶಾಲೆಗಳು, ಒಬಾಮ ಮಕ್ಕಳು ಓದಿದ್ದೂ ಅದರಲ್ಲೊಂದು, 2018ರಲ್ಲೇ ನಮಗೆ ಈ ಎಪಿ ಬೇಡ, 2022ರೊಳಗೆ ನಿಲ್ಲಿಸ್ತೀವಿ ಅಂತ ಹೇಳಿಬಿಟ್ವು. ಅವರಿಗೆ ಬಿಡೋ ಧೈರ್ಯ ಇದೆ, ಅವರ ಮಕ್ಕಳಿಗೆ ಹೇಗೂ ದಾರಿ ಇದೆ. ನಮಗೆ ಎರಡೂ ಇಲ್ಲ, ಎಚ್1ಬಿ ವೀಸಾ ಕಾಲದಿಂದ ಬಂದ ಹೆದರಿಕೆ ಇದೆ, ಅದನ್ನೇ ಮಗು ಬ್ಯಾಗಿಗೆ ಹಾಕಿ ಕಳಿಸ್ತಿದೀವಿ. ಕೈ ಹಿಡಿದು ಯಾರೂ ಸಹಿ ಹಾಕಿಸಲಿಲ್ಲ ನನ್ನ ಹತ್ರ.

ನಿನ್ನೆ ಸಂಜೆ ಫಾರ್ಮ್ ಕೊನೇ ಸಲ ತೆರೆದಾಗ ಮಗಳು ಪಕ್ಕ ಬಂದು ನಿಂತ್ಲು. "ಅಪ್ಪ, ಸ್ಟ್ಯಾಟ್ಸ್ ಬದಲು ಸಿರಾಮಿಕ್ಸ್ ತಗೋಬಹುದಾ? ಸುಮ್ನೆ ಮಡಕೆ ಮಾಡೋದು."

ಇಷ್ಟೆಲ್ಲ ಬರೆದು ಕೂತಿದ್ದ ನಾನು, ತಾಯಾಣೆ, ಹೂಂ ಅನ್ನೋಕೇ ಬಾಯಿ ತೆಗೆದದ್ದು. ಹೊರಗೆ ಬಂದದ್ದು ಮಾತ್ರ "ಅದರಲ್ಲಿ ಎಪಿ ಇದ್ಯಾ?"

ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿ "ಇದೆ, ಎಪಿ ತ್ರೀಡಿ ಆರ್ಟ್ ಅಂತ" ಅಂದ್ಲು. "ಆದರೆ ಬೇಡ ಬಿಡಿ ಅಪ್ಪ" ಅಂತ ಹೇಳಿ ಸ್ಟ್ಯಾಟ್ಸ್ ಮೇಲೆ ತಾನೇ ಕ್ಲಿಕ್ ಮಾಡಿ ಹೋದ್ಲು.