ಟಣ್ ಎಂದರೆ ನಾಟಿಂಗ್‌ಹ್ಯಾಮ್

ನನ್ನ ಎಡಗೈ ಹೆಬ್ಬೆರಳಿನ ಉಗುರು ಈಗ ಮಾಗಿದ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದೆ. ಭಾನುವಾರ ಬೆಳಿಗ್ಗೆ ಹಳೆಯ ಸೈಕಲ್ಲಿನ ಕಾಟರ್ ಪಿನ್ನಿಗೆಂದು, ಅಂದರೆ ಪೆಡಲಿನ ಕಾಲನ್ನು ಅಚ್ಚಿಗೆ ಬಿಗಿಯುವ ಕಿರುಬೆರಳುದ್ದದ ಬೆಣೆಗೆಂದು, ಎತ್ತಿದ ಸುತ್ತಿಗೆ ಪಿನ್ನೊಂದನ್ನು ಬಿಟ್ಟು ಸುತ್ತಲಿನ ಎಲ್ಲದರ ಮೇಲೂ ಬಿದ್ದಿತು. ಆ ನೋವನ್ನಾದರೂ ಸಹಿಸಬಹುದು. ಸಹಿಸಲಾಗದ್ದು, ಅದೇ ಮಧ್ಯಾಹ್ನ ಊಟಕ್ಕೆ ಬಂದ ನಮ್ಮ ಸೋದರಮಾವನ ಬೆರಳಿನ ಗೆಣ್ಣು.

ಸೈಕಲ್ ಸಿಕ್ಕಿದ್ದು ಕೆ.ಆರ್. ನಗರದ ಹತ್ತಿರದ ಒಂದು ತೋಟದ ಮನೆಯಲ್ಲಿ. ರಾತ್ರಿ ಹೊತ್ತು ಅದರ ನಡುಪೈಪಿನ ಮೇಲೆ ಕೋಳಿಗಳು ಮಲಗುತ್ತಿದ್ದವು. ಎರಡು ಸಾವಿರ ಕೊಟ್ಟು ತೆಗೆದುಕೊಂಡು ಹೋಗಿ ಎಂದಿದ್ದ ಯಜಮಾನರು, ಹ್ಯಾಂಡಲಿನ ಕೆಳಗಿನ ಬಿಲ್ಲೆಯಲ್ಲಿ ಕೊಕ್ಕರೆಯ ತಲೆ ಕಂಡು ನನ್ನ ಕಣ್ಣು ಅರಳಿದ್ದನ್ನು ನೋಡಿ ಆರು ಸಾವಿರ ಎಂದರು. ಹಳೆಯ ಸೈಕಲ್ ಕೊಳ್ಳಲು ಹೋಗುವವರು ಕಪ್ಪು ಕನ್ನಡಕ ಹಾಕಿಕೊಂಡು ಹೋಗಬೇಕು. ಕೊಕ್ಕರೆ ಎಂದರೆ ಇಂಗ್ಲೆಂಡಿನ ರಾಲಿ. ಇಪ್ಪತ್ತೆಂಟು ಇಂಚಿನ ಚಕ್ರ, ಕಂಬಿಯ ಬ್ರೇಕು, ಚೈನಿನ ದೊಡ್ಡ ಹಲ್ಲುಚಕ್ರದೊಳಗೂ ಕೊಕ್ಕರೆಗಳು. ಮನೆಗೆ ತಂದಾಗ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ಮೊದಲಿನ ಎರಡು ಓಡಿದವೇ?"

ನಮ್ಮ ಮಾವನಿಗೆ ಸೈಕಲ್ಲನ್ನು ನೋಡಿ ಗುರುತಿಸುವ ಅಭ್ಯಾಸವಿಲ್ಲ. ಅವರು ಬಡಿದು ಗುರುತಿಸುತ್ತಾರೆ. ಹಲಸಿನ ಹಣ್ಣು ಕೊಳ್ಳುವವರ ಹಾಗೆ ಮೊದಲು ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಾರೆ. ಪಂಚೆ ಮೇಲಕ್ಕೆ ಕಟ್ಟುತ್ತಾರೆ. ಬಲಗೈಯ ನಡುಬೆರಳನ್ನು ಮಡಚಿ, ಕಣ್ಣು ಮುಚ್ಚಿ, ಮೇಲಿನ ಪೈಪಿಗೆ ಒಂದು, ಕೆಳಗಿನ ಪೈಪಿಗೆ ಎರಡು ಏಟು ಕೊಡುತ್ತಾರೆ. ನಾಡಿ ಹಿಡಿದ ಪಂಡಿತರಂತೆ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಅಷ್ಟು ಹೊತ್ತೂ ನಾವು ಉಸಿರಾಡಬಾರದು. ಮಿಕ್ಸಿ ಹಾಕಿದರೆ ಆರಿಸಿ ಎನ್ನುತ್ತಾರೆ. ಆಮೇಲೆ ಸೈಕಲ್ ಹುಟ್ಟಿದ ಊರಿನ ತೀರ್ಪು. ನನ್ನ ಮೊದಲನೆಯ ಸೈಕಲ್ ಹರ್ಕ್ಯುಲಿಸ್‌ಗೆ "ಬರ್ಮಿಂಗ್‌ಹ್ಯಾಮ್ ಅಲ್ಲ, ಮದರಾಸಿನ ಅಂಬತ್ತೂರು" ಎಂದರು. ಎರಡನೆಯದಾದ ಬಿ.ಎಸ್.ಎ.ಯನ್ನು ಬಡಿದು, "ಬಿ.ಎಸ್.ಎ.ಯ ಮೂರು ಬಂದೂಕಿನ ಗುರುತು ಅಂಟಿಸಿದ ಲೂಧಿಯಾನಾ" ಎಂದರು. ಈ ಭಾನುವಾರ, ಸಾರಿಗೆ ಒಗ್ಗರಣೆ ಬೀಳುವ ಹೊತ್ತಿಗೆ ರಾಲಿಯನ್ನು ಬಡಿದು ಕಣ್ಣು ತೆರೆದರು.

"ಅಸನ್ಸೋಲ್."

ನಾಟಿಂಗ್‌ಹ್ಯಾಮ್‌ನ ರಾಲಿ ಬೀದಿಯಲ್ಲಿ ಹುಟ್ಟಿ ಆ ಬೀದಿಯ ಹೆಸರನ್ನೇ ಹೊತ್ತ ಸೈಕಲ್ಲನ್ನು, ಸ್ವಾತಂತ್ರ್ಯದ ನಂತರ ನಮ್ಮ ಬಂಗಾಳದ ಅಸನ್ಸೋಲಿನಲ್ಲಿ ಸೆನ್-ರಾಲಿ ಕಾರ್ಖಾನೆಯೂ ತಯಾರಿಸುತ್ತಿತ್ತು. ಅದೇನೂ ಕೀಳು ಮಾಲಲ್ಲ. ಆದರೆ ಆರು ಸಾವಿರ ಕೊಟ್ಟವನಿಗೆ ನಾಟಿಂಗ್‌ಹ್ಯಾಮೇ ಬೇಕು.

ನಾನು ಪುರಾವೆಗಳನ್ನು ಮುಂದಿಟ್ಟೆ. ಹಿಂದಿನ ಚಕ್ರದ ನಡುವೆ ಇರುವುದು ನಾಟಿಂಗ್‌ಹ್ಯಾಮಿನದೇ ಆದ ಸ್ಟರ್ಮಿ-ಆರ್ಚರ್ ಕಂಪನಿಯ ಮೂರು ಗೇರಿನ ಹಬ್. ಆ ಪುಣ್ಯಾತ್ಮರು ಹಬ್ಬಿನ ಮೈಮೇಲೆಯೇ ವರ್ಷ, ತಿಂಗಳು ಕೆತ್ತುತ್ತಿದ್ದರು. ಒಂದು ಗಂಟೆ ಪೆಟ್ರೋಲಿನಲ್ಲಿ ಬ್ರಷ್ ಅದ್ದಿ ಉಜ್ಜಿದ ಮೇಲೆ 54, ಅದರ ಕೆಳಗೆ 7 ಎದ್ದುಬಂದಿತ್ತು. "1954ರ ಜುಲೈ!" ಎಂದೆ.

"ಚಕ್ರ 54ರದ್ದು. ಸೈಕಲ್?"

ಎರಡನೆಯ ಪುರಾವೆ ಇನ್ನೂ ಗಟ್ಟಿಯಾಗಿತ್ತು. ಪೆಡಲ್ ಅಚ್ಚಿನ ಎಡಗಡೆಯ ಬೇರಿಂಗ್ ಕಪ್ ಸವೆದಿತ್ತು. ಹೊಸದನ್ನು ಕೂರಿಸಲು ಹೋದ ಅಂಗಡಿಯವನು ತಿರುಗಿಸಿ ತಿರುಗಿಸಿ ಸೋತು, "ಸೈಕಲ್ಲೇ ಸರಿಯಿಲ್ಲ ಸಾರ್" ಎಂದಿದ್ದ. ನಾನು ಅಂಗಡಿಯಲ್ಲೇ ಕುಣಿದೆ. ಲೋಕವೆಲ್ಲ ಅಂಗುಲಕ್ಕೆ 24 ಸುತ್ತಿನ ಥ್ರೆಡ್ ಹಾಕಿದರೆ ರಾಲಿ 26 ಹಾಕುತ್ತಿತ್ತು. ತನ್ನ ಸಾಮಾನು ಹಿಡಿಸದಿದ್ದಕ್ಕೆ ಗಿರಾಕಿ ಸಂತೋಷಪಟ್ಟಿದ್ದನ್ನು ಆ ಮನುಷ್ಯ ಜೀವಮಾನದಲ್ಲಿ ಕಂಡಿರಲಿಲ್ಲ.

ಮಾವ ಶಾಂತವಾಗಿ, "ಅಸನ್ಸೋಲಿನವರು ಬೇರೆ ಥ್ರೆಡ್ ಹಾಕುತ್ತಿದ್ದರೆಂದು ನಿನಗೆ ಯಾರು ಹೇಳಿದರು?" ಎಂದರು.

ಯಾರೂ ಹೇಳಿರಲಿಲ್ಲ. ಉರಿಯುತ್ತಿದ್ದ ಹೆಬ್ಬೆರಳನ್ನು ನೀರಿನ ಲೋಟದಲ್ಲಿ ಅದ್ದಿಕೊಂಡು ಎಲೆಯ ಮುಂದೆ ಕುಳಿತೆ. ಅಲ್ಲಿಗೂ ಬಿಡಲಿಲ್ಲ. ಕಾಟರ್ ಪಿನ್ ಬಡಿಯುವ ಮೊದಲು ಕೆಳಗೆ ಕಬ್ಬಿಣದ ಪೈಪು ಆನಿಸಿ ಕೊಡಬೇಕಂತೆ, ಮೂರು ದಿನ ಸೀಮೆಎಣ್ಣೆ ಕುಡಿಸಬೇಕಂತೆ. ಈಗ ಮೈಸೂರಿನಲ್ಲಿ ಸೀಮೆಎಣ್ಣೆ ಹುಡುಕುವುದು ರಾಲಿ ಹುಡುಕುವುದಕ್ಕಿಂತ ಕಷ್ಟ.

ಹುಳಿ ಬಡಿಸುತ್ತಿದ್ದ ಅತ್ತೆಗೆ ನನ್ನ ಮುಖ ನೋಡಿ ಕನಿಕರ ಬಂದಿರಬೇಕು. "ಇಷ್ಟೆಲ್ಲ ಹೇಳುತ್ತಾರಲ್ಲ, ನಿಮ್ಮ ತಾತನ ರಾಲಿಯನ್ನು ಗುಜರಿಗೆ ಹಾಕಿ ಟೇಪ್ ರೆಕಾರ್ಡರ್ ತಂದಿದ್ದು ಇವರೇ" ಎಂದರು.

ಮಾವ ಮಜ್ಜಿಗೆ ಕೇಳಿದರು. ಹುಳಿಯನ್ನ ಇನ್ನೂ ಎಲೆಯಲ್ಲಿಯೇ ಇತ್ತು.

ಆ ಸೈಕಲ್ ನನಗೂ ನೆನಪಿದೆ. ನಡುಪೈಪಿಗೆ ತಾತ ತಮ್ಮ ಟವೆಲನ್ನು ನಾಲ್ಕು ಮಡಿಕೆ ಮಾಡಿ ಸುತ್ತಿ ನನ್ನನ್ನು ಕೂರಿಸುತ್ತಿದ್ದರು. ಸಂತೆ ಮುಟ್ಟುವಷ್ಟರಲ್ಲಿ ಕಾಲೆರಡೂ ಜೋಮು ಹಿಡಿದು, ಇಳಿಸಿದ ಮೇಲೂ ಅವರ ಪಂಚೆ ಹಿಡಿದೇ ನಿಲ್ಲಬೇಕಾಗಿತ್ತು. ಹ್ಯಾಂಡಲಿಗೆ ಕಟ್ಟಿದ್ದ ಪುರಸಭೆಯ ಲೈಸೆನ್ಸ್ ಬಿಲ್ಲೆ ದಾರಿಯುದ್ದಕ್ಕೂ ಕಿಣಿಕಿಣಿ ಎನ್ನುತ್ತಿತ್ತು. ಅದು ಅಸನ್ಸೋಲಿನದೋ ನಾಟಿಂಗ್‌ಹ್ಯಾಮಿನದೋ ಯಾರೂ ಕೇಳಿರಲಿಲ್ಲ.

ಹೊರಡುವಾಗ ಮಾವ ಮತ್ತೆ ಸೈಕಲ್ಲಿನ ಬಳಿ ನಿಂತರು. ಈ ಸಲ ಬಡಿಯಲಿಲ್ಲ. ಚರ್ಮದ ಸೀಟಿನ ಮೇಲೆ ಅಂಗೈ ಇಟ್ಟು, "ಇದಕ್ಕೆ ಮಾತ್ರ ಎಣ್ಣೆ ಹಾಕಬೇಡ ಕಣಯ್ಯಾ, ಜೋತುಬೀಳುತ್ತದೆ" ಎಂದರು. ಹಿಂದಿನ ದಿನವಷ್ಟೇ ಅರ್ಧ ಬಟ್ಟಲು ಕೊಬ್ಬರಿ ಎಣ್ಣೆ ಸುರಿದಿದ್ದೆ. ಹೇಳಲಿಲ್ಲ.

ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಹೋಗಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನಡುಬೆರಳು ಮಡಚಿ ಮೇಲಿನ ಪೈಪಿಗೆ ಬಡಿದೆ. ಟಣ್. ಹೋಲಿಸಿ ನೋಡೋಣವೆಂದು ಹರ್ಕ್ಯುಲಿಸ್‌ಗೆ ಬಡಿದೆ. ಅದೂ ಟಣ್. ಕಿಟಕಿಯ ಸರಳು, ಕಬ್ಬಿಣದ ಮಂಚ, ಕೊನೆಗೆ ಅಡುಗೆಮನೆಯ ಸಿಲಿಂಡರ್.

ಒಳಗಿನಿಂದ ಹೆಂಡತಿಯ ಧ್ವನಿ ಬಂತು: "ಅದು ಮೊನ್ನೆ ತಾನೇ ಬಂದಿದೆ ರೀ, ತುಂಬಿದೆ. ಮಲಗಿ."